ಹಾಜರಿ ಪುಸ್ತಕದಲ್ಲಿದ್ದು ಶಾಲೆಯಲ್ಲಿಲ್ಲದ ಮಕ್ಕಳು

೨೦೨೫ರ ಫೆಬ್ರುವರಿಯಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ, ಉಳವಿಯ ಜಾತ್ರೆಗೆ ಹೋಗಿದ್ದೆ. ನಿವೃತ್ತನಾದ ಮೇಲೆ ಈ ಜಾತ್ರೆಯನ್ನು ನಾನು ತಪ್ಪಿಸಿದ್ದು ಕಡಿಮೆ. ಧಾರವಾಡ, ಬೆಳಗಾವಿ, ಹಾವೇರಿ ಕಡೆಯ ಚಕ್ಕಡಿಗಳು ಕಾಡಿನ ನಡುವೆ ಸಾಲುಗಟ್ಟಿ ಬರುವುದನ್ನು ನೋಡುವುದೇ ಒಂದು ಸೊಗಸು. ಚನ್ನಬಸವಣ್ಣನ ಗದ್ದುಗೆಗೆ ಕೈಮುಗಿದು ಹೊರಬಂದು ಚಪ್ಪಲಿ ಹುಡುಕುತ್ತಿದ್ದೆ. ಆಗ ಒಬ್ಬ ಗಂಡಸು ಬಲಗಾಲನ್ನು ಎಳೆಯುತ್ತ, ಬಲಗೈಯನ್ನು ಮಡಿಸಿ ಎದೆಗೆ ಒತ್ತಿಕೊಂಡು ನನ್ನ ಮುಂದೆ ಬಂದು ನಿಂತ.

"ಮಾಸ್ತರೇ, ನನ್ನ ಗುರುತ ಆಯ್ತೇನ್ರಿ? ಮೂರನೇ ಇಯತ್ತೆವರೆಗೆ ನಿಮ್ಮ ಕೈಯಲ್ಲೇ ಕಲ್ತದ್ದು" ಎಂದ.

ಗುರುತಾಯಿತು. ಆ ಕೈ, ಆ ಕಾಲು ಕಂಡೊಡನೆ ಆಯಿತು. ಅವನ ಮಾತಿನಲ್ಲಿ ದೂರು ಇರಲಿಲ್ಲ, ಹೆಮ್ಮೆಯಿತ್ತು. ಅಂಗಿಯ ಕಿಸೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಕಾಗದವನ್ನು ನನ್ನ ಕೈಗಿತ್ತು, "ಇದರಲ್ಲಿ ಏನ್ ಬರೆದಾರೆ ಸ್ವಲ್ಪ ಓದಿ ಹೇಳ್ರಿ" ಎಂದ. ಅದು ಅಂಗವಿಕಲರ ಪಿಂಚಣಿಗೆ ಸಂಬಂಧಿಸಿದ ಕಾಗದ. ಕೆಳಗೆ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು.

ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತ ಮನುಷ್ಯನ ಹೆಬ್ಬೆಟ್ಟು ಅದು. ಓದಿ ಹೇಳಿದೆ. ಅವನು ನಮಸ್ಕರಿಸಿ ಜನಜಂಗುಳಿಯಲ್ಲಿ ಮರೆಯಾದ. ಅಂದಿನಿಂದ ಈ ಬರಹ ನನ್ನೊಳಗೆ ಕುದಿಯುತ್ತಿದೆ. ನನ್ನ ಹಳೆಯ ವಿದ್ಯಾರ್ಥಿಗಳು, ಬಂಧುಬಳಗದವರು ಇದನ್ನು ಓದುವವರು. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಕೆಲವರು ಪಂಚಾಯಿತಿ ಸದಸ್ಯರು, ಇನ್ನು ಕೆಲವರು ದೂರದ ಊರುಗಳಲ್ಲಿ ನಾಲ್ಕು ಕಾಸು ಕಂಡವರು. ಆದ್ದರಿಂದ ಇದನ್ನು ನೆನಪಿನ ಬುತ್ತಿಯೆಂದು ಓದಿ ಮುಗಿಸಬೇಡಿ. ಇದು ಜಗಳದ ಬರಹ. ಮೊದಲ ಜಗಳ ನನ್ನ ಮೇಲೆಯೇ.

ಅವನು ನನ್ನ ಶಾಲೆಗೆ ಬಂದದ್ದು ೧೯೮೭-೮೮ರ ಸುಮಾರಿಗೆ. ಉಳವಿಯ ಸುತ್ತಿನ ಕಾಡೊಳಗಿನ ಒಂದು ಏಕೋಪಾಧ್ಯಾಯ ಶಾಲೆ. ಮಕ್ಕಳು ನೆಲದ ಮೇಲೆ ಗೋಣಿತಟ್ಟಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಈ ಹುಡುಗ ಸದಾ ಗೋಡೆಯ ಮೂಲೆಗೆ ಸರಿದು, ಅಲ್ಲಿ ಬೆನ್ನು ಸೇರಿಸಿ ಕುಳಿತುಬಿಡುತ್ತಿದ್ದ. "ಸಾಲಿಗೆ ಬಾ" ಎಂದು ನಾನು ಎಳೆದು ತಂದು ಕೂರಿಸುತ್ತಿದ್ದೆ. ಸಾಲಿಗೆ ಬಂದೊಡನೆ ಅವನು ಎಡಗೈಯನ್ನು ನೆಲಕ್ಕೆ ಊರಿ ಕುಳಿತುಕೊಳ್ಳುತ್ತಿದ್ದ. ಪಾಟಿ ತೊಡೆಯ ಮೇಲೆ ಹಾಗೆಯೇ ಬಿದ್ದಿರುತ್ತಿತ್ತು. "ಬರೆ" ಎಂದರೆ ಎಡಗೈ ಎತ್ತಿ ಬಳಪ ಹಿಡಿಯುವನು. ಹಿಡಿದೊಡನೆ ಬಲಕ್ಕೆ ವಾಲುವನು. ಎಡಗೈಯಲ್ಲಿ ಬರೆಯುವುದು ಅಪಶಕುನವೆಂದು ಆ ಕಾಲದ ಮಾಸ್ತರರಲ್ಲಿ ನಂಬದವರು ವಿರಳ. ನಾನೂ ನಂಬಿದ್ದೆ. ಫೂಟುಪಟ್ಟಿಯಿಂದ ಆ ಎಡಗೈಯ ಗೆಣ್ಣುಗಳಿಗೆ ಎಷ್ಟು ಸಲ ಹೊಡೆದೆನೋ ಲೆಕ್ಕವಿಟ್ಟಿಲ್ಲ. ಅವನು ಮೂರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟ. 'ಮಂದಬುದ್ಧಿ, ಪಾಲಕರ ಅಲಕ್ಷ್ಯ' ಎಂದು ನಾನೇ ದಾಖಲೆಯಲ್ಲಿ ಬರೆದೆ.

ಅವನು ಮಂದಬುದ್ಧಿಯವನಾಗಿರಲಿಲ್ಲ. ಅವನಿಗಿದ್ದದ್ದು ಮೆದುಳಿನ ಪಾರ್ಶ್ವವಾಯು, ಸೆರೆಬ್ರಲ್ ಪಾಲ್ಸಿ. ದೇಹದ ಬಲಭಾಗದ ಸ್ನಾಯುಗಳು ಬಿಗಿದುಕೊಂಡಿದ್ದವು. ಬಲಗೈ ಬರೆಯಲಾರದು, ಎಡಗೈ ಬರೆಯಬಲ್ಲುದು. ಆದರೆ ಬಯಲಲ್ಲಿ ಕೂರಿಸಿದರೆ ಆ ಎಡಗೈಗೆ ಬೇರೊಂದು ಕೆಲಸವಿತ್ತು, ಬೀಳದಂತೆ ದೇಹವನ್ನು ಆನಿಸಿ ಹಿಡಿಯುವುದು. ಬೀಳದಂತೆ ಊರಿದ ಕೈಗೆ ಬಳಪ ಹಿಡಿಯಲು ಬಿಡುವೆಲ್ಲಿ? ಗೋಡೆಯ ಮೂಲೆಯಲ್ಲಿ ಎರಡು ಬದಿಯಿಂದ ಆಸರೆ ಸಿಕ್ಕಾಗ ಮಾತ್ರ ಅವನ ಎಡಗೈ ಬರೆಯಲು ಬಿಡುವಾಗುತ್ತಿತ್ತು. ಅವನ ದೇಹ ಎರಡು ಉಪಾಯಗಳನ್ನು ತಾನಾಗಿಯೇ ಕಂಡುಕೊಂಡಿತ್ತು: ಮೂಲೆ ಮತ್ತು ಎಡಗೈ. ಶಿಸ್ತಿನ ಹೆಸರಿನಲ್ಲಿ ನಾನು ಎರಡನ್ನೂ ಕಿತ್ತುಕೊಂಡೆ.

ಇದು ನನಗೆ ತಿಳಿದದ್ದು ಎರಡು ದಶಕಗಳ ನಂತರ, ಒಂದು ತರಬೇತಿಯಲ್ಲಿ. ಅಲ್ಲಿ ಬಂದಿದ್ದ ಆಕ್ಯುಪೇಶನಲ್ ಥೆರಪಿಸ್ಟ್ ಹೆಣ್ಣುಮಗಳೊಬ್ಬಳು, ಎರಡು ಹಲಗೆಗಳನ್ನು ಮೂಲೆಯಾಕಾರದಲ್ಲಿ ಜೋಡಿಸಿದ ಆಸನವನ್ನು ತೋರಿಸಿ, "ಇದನ್ನು ಕಾರ್ನರ್ ಸೀಟ್ ಎನ್ನುತ್ತಾರೆ ಸರ್, ಹೀಗೆ ಕೂರಿಸಿದರೆ ಮಗುವಿನ ಕೈ ಬಿಡುವಾಗುತ್ತದೆ" ಎಂದಳು. ನಾನು ಊಟಕ್ಕೆ ಏಳದೆ ಅಲ್ಲಿಯೇ ಕುಳಿತಿದ್ದೆ. ನನ್ನ ಶಾಲೆಯಲ್ಲಿ ನಾಲ್ಕು ಮೂಲೆಗಳಿದ್ದವು. ಅವುಗಳನ್ನು ನಾನು ಶಿಕ್ಷೆಗೆ ಮಾತ್ರ ಬಳಸಿದ್ದೆ.

ಇಷ್ಟು ಹೇಳಿ ಕಣ್ಣೊರೆಸಿಕೊಂಡರೆ ಯಾರಿಗೂ ಪ್ರಯೋಜನವಿಲ್ಲ. ಅಂದು ನಮಗೆ ತಿಳಿದಿರಲಿಲ್ಲ, ಕಾನೂನೂ ಇರಲಿಲ್ಲ ಎಂದು ನಾನು ತಪ್ಪಿಸಿಕೊಳ್ಳಬಹುದು. ಇಂದು ಆ ಮಾತು ಯಾರ ಬಾಯಲ್ಲೂ ನಿಲ್ಲದು. ೧೯೯೫ರಲ್ಲಿ ಅಂಗವಿಕಲರ ಕಾಯಿದೆ ಬಂತು. ೧೯೯೯ರಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಕಲತೆ ಇರುವವರಿಗಾಗಿ ರಾಷ್ಟ್ರೀಯ ನ್ಯಾಸದ ಕಾಯಿದೆ ಬಂತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ಏಳರ ಬದಲು ಇಪ್ಪತ್ತೊಂದು ಬಗೆಯ ವಿಕಲತೆಗಳನ್ನು ಗುರುತಿಸಿತು. ಅದರ ೧೬ನೆಯ ಕಲಮು ಎಲ್ಲ ಶಾಲೆಗಳೂ ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ೩೧ನೆಯ ಕಲಮು, ನಿಗದಿತ ಪ್ರಮಾಣದ ವಿಕಲತೆಯಿರುವ ೬ರಿಂದ ೧೮ ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ನೀಡುತ್ತದೆ.

ಕಾಯಿದೆಗಳ ಈ ಮೆರವಣಿಗೆಯ ನಂತರ ನಮ್ಮ ಜೋಯಿಡಾ ಕಾಡಿನಲ್ಲಿ ಏನಾಗಿದೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಅಂಥದೇ ಒಂದು ಹಳ್ಳಿಯಲ್ಲಿ ಅಕ್ಕೋರು. ಮೊನ್ನೆ ಮನೆಗೆ ಬಂದವಳು ಹೇಳಿದಳು: "ಸರ್, ನಮ್ಮ ಶಾಲೆಯಲ್ಲಿ ಎರಡನೇ ಇಯತ್ತೆಗೆ ಒಬ್ಬಳು ಹುಡುಗಿ ಇದ್ದಾಳೆ. ಹೆಸರು ಪುಸ್ತಕದಲ್ಲಿದೆ. ಮುಖ ನಾನು ನೋಡಿದ್ದು ಎರಡು ಸಲ. ಗೃಹಾಧಾರಿತ ಶಿಕ್ಷಣ ಅಂತ ಬರೆದಿದ್ದೇವೆ."

ಗೃಹಾಧಾರಿತ ಶಿಕ್ಷಣ! ಎಂಥ ಸಭ್ಯ ಹೆಸರು! ವಿಶೇಷ ಶಿಕ್ಷಕರು ಮನೆಗೇ ಹೋಗಿ ಮಗುವಿಗೆ ಕಲಿಸಬೇಕೆಂಬುದು ಇದರ ಅರ್ಥ. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಇದು ವರವೇ ಸರಿ. ಆದರೆ ಈ ಹುಡುಗಿ ಹಾಸಿಗೆ ಹಿಡಿದವಳಲ್ಲ. ಅಮ್ಮನ ಸೊಂಟದ ಮೇಲೆ ಕುಳಿತು ಗದ್ದೆಗೆ ಹೋಗುತ್ತಾಳೆ, ಜಾತ್ರೆಗೆ ಹೋಗುತ್ತಾಳೆ. ಶಾಲೆಗೆ ಮಾತ್ರ ಹೋಗುವುದಿಲ್ಲ. ಏಕೆಂದರೆ ಶಾಲೆಗೆ ನಾಲ್ಕು ಮೆಟ್ಟಿಲು, ಶೌಚಾಲಯಕ್ಕೆ ಹಿಡಿಕೆಯಿಲ್ಲ, ಬೆಂಚಿನಲ್ಲಿ ಕೂರಿಸಿದರೆ ಜಾರುತ್ತಾಳೆ, ಬಿಸಿಯೂಟದ ಅನ್ನ ಗಂಟಲಿಗೆ ಸಿಕ್ಕೀತೆಂಬ ಭಯ. ಇವೆಲ್ಲ ಶಾಲೆಯ ಕೊರತೆಗಳು. ಪುಸ್ತಕದಲ್ಲಿ ಮಾತ್ರ ಇವು ಮಗುವಿನ ಕೊರತೆಗಳಾಗಿ ದಾಖಲಾಗುತ್ತವೆ.

ಕಾನೂನನ್ನು ಸರಿಯಾಗಿ ಓದಿ ನೋಡಿ. ೨೦೧೨ರಲ್ಲಿ ಶಿಕ್ಷಣ ಹಕ್ಕು ಕಾಯಿದೆಗೆ ತಂದ ತಿದ್ದುಪಡಿಯ ಪ್ರಕಾರ, ತೀವ್ರ ಅಥವಾ ಬಹುವಿಕಲತೆಯ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು 'ಆರಿಸಿಕೊಳ್ಳುವ ಹಕ್ಕು' ಇದೆ. ಆರಿಸಿಕೊಳ್ಳಬೇಕಾದದ್ದು ಮಗು ಮತ್ತು ಅದರ ತಂದೆತಾಯಿ. ಶಾಲೆಯು ಮಗುವಿಗೆ ಮನೆಯನ್ನು ಗೊತ್ತುಮಾಡುವ ಹಕ್ಕನ್ನು ಯಾವ ಕಾಯಿದೆಯೂ ಯಾರಿಗೂ ಕೊಟ್ಟಿಲ್ಲ. ಶಾಲೆಯ ಬಾಗಿಲು ನಿಜವಾಗಿ ತೆರೆದಿದ್ದರೆ ಮಾತ್ರ ಮನೆಯನ್ನು ಆರಿಸಿಕೊಂಡೆವೆಂಬ ಮಾತಿಗೆ ಅರ್ಥ. ಬೇರೆ ದಾರಿಯೇ ಇಲ್ಲದವರು ಮಾಡಿದ ಸಹಿಯನ್ನು ಆಯ್ಕೆಯೆಂದು ಕರೆಯುವುದು ಅನ್ಯಾಯ.

ಮತ್ತೊಂದು ಬಗೆಯ ಸಮಾಧಾನ ನಮ್ಮಲ್ಲಿ ಬಳಕೆಯಲ್ಲಿದೆ. ಅದು ಶಿಬಿರ. ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ತಪಾಸಣಾ ಶಿಬಿರ ನಡೆಯುತ್ತದೆ. ತಾಯಂದಿರು ಬೆಳಗಿನ ಬಸ್ಸಿಗೆ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅಳತೆ, ಶೇಕಡಾವಾರು, ಪ್ರಮಾಣಪತ್ರ. ಕೆಲವು ತಿಂಗಳ ಬಳಿಕ ಒಂದು ಗಾಲಿಕುರ್ಚಿ, ಮುಖಂಡರೊಡನೆ ಒಂದು ಛಾಯಾಚಿತ್ರ. ಆ ಗಾಲಿಕುರ್ಚಿ ಮನೆಯ ಅಂಗಳದಿಂದ ರಸ್ತೆಯವರೆಗಿನ ಕೆಂಪುಕಲ್ಲಿನ ಇಳಿಜಾರಿನಲ್ಲಿ ಉರುಳುವುದಿಲ್ಲ. ಮಳೆಗಾಲ ಬಂದರೆ ಅದರ ಮೇಲೆ ಕೋಳಿಗಳು ಕೂರುತ್ತವೆ. ೨೦೧೩ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಒಳ್ಳೆಯದೇ. ಆದರೆ ಕಂಡುಹಿಡಿದ ಮೇಲಿನ ಆರೈಕೆಯ ಕೇಂದ್ರಗಳನ್ನು ಯೋಜಿಸಿರುವುದು ಜಿಲ್ಲಾ ಮಟ್ಟದಲ್ಲಿ. ನಮಗೆ ಜಿಲ್ಲಾ ಕೇಂದ್ರವೆಂದರೆ ಕಾರವಾರ. ಉಳವಿಯಿಂದ ಕುಂಬಾರವಾಡಕ್ಕೆ ಬಂದು, ಅಣಶಿ ಘಟ್ಟ ಇಳಿದು, ಕದ್ರಾ ದಾಟಿ ಹೋಗಬೇಕು. ಗುರುತಿಸುವವರು ನಮ್ಮೂರಿಗೆ ಬರುತ್ತಾರೆ. ಉಪಚರಿಸುವವರ ಬಳಿಗೆ ನಾವೇ ಹೋಗಬೇಕು. ಥೆರಪಿಯೆಂಬುದು ಒಂದು ಸಲ ನುಂಗುವ ಗುಳಿಗೆಯಲ್ಲ, ವಾರವಾರವೂ ತಿಂಗಳುಗಟ್ಟಲೆ ನಡೆಯಬೇಕಾದ ಅಭ್ಯಾಸ. ಕೂಲಿ ಬಿಟ್ಟು ಪ್ರತಿ ವಾರ ಘಟ್ಟ ಇಳಿದು ಹತ್ತುವ ತಾಯಿ ಯಾರಿದ್ದಾಳೆ?

ಈಗ ಆಕ್ಯುಪೇಶನಲ್ ಥೆರಪಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಜನಕ್ಕೆ ಇದರ ಹೆಸರೇ ದಾರಿ ತಪ್ಪಿಸಿದೆ. ಕನ್ನಡದಲ್ಲಿ ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಅನುವಾದಿಸಿದ್ದಾರೆ. ಕೇಳಿದವರು ಇದು ಉದ್ಯೋಗ ಕೊಡಿಸುವ ತರಬೇತಿ, ಮೇಣದಬತ್ತಿ ಮಾಡಿಸುವುದು, ಕವರು ಅಂಟಿಸುವುದು ಎಂದುಕೊಳ್ಳುತ್ತಾರೆ. ಏಳು ವರ್ಷದ ಮಗುವಿಗೆ ಉದ್ಯೋಗವೇಕೆ ಎಂದು ಒಬ್ಬ ಪಾಲಕರು ನನ್ನನ್ನೇ ಕೇಳಿದ್ದುಂಟು. ಇಲ್ಲಿ ಆಕ್ಯುಪೇಶನ್ ಎಂದರೆ ಮನುಷ್ಯ ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಕೆಲಸಗಳೆಲ್ಲ. ಮಗುವಿನ ಪಾಲಿಗೆ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿ ಬರುವುದು, ಆಡುವುದು, ಬರೆಯುವುದು. ಉಳವಿಯವರಾದ ನಮಗೆ ಇದಕ್ಕೆ ಪದ ಹುಡುಕುವ ತೊಂದರೆಯೇ ಇರಬಾರದಿತ್ತು. ಕಲ್ಯಾಣದಿಂದ ಹೊರಟ ಶರಣರು ಹನ್ನೆರಡನೆಯ ಶತಮಾನದಲ್ಲಿ ನಮ್ಮ ಕಾಡಿಗೆ ಹೊತ್ತು ತಂದ ಪದವೊಂದಿದೆ: ಕಾಯಕ. ಮಗುವಿಗೂ ತನ್ನ ಕಾಯಕವಿದೆ. ಅದನ್ನು ತನ್ನ ದೇಹದಿಂದ ಸಾಧ್ಯವಾದ ರೀತಿಯಲ್ಲಿ ತಾನೇ ಮಾಡುವಂತೆ ನೆರವಾಗುವ ವಿದ್ಯೆ ಇದು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದಲ್ಲಿ ಇದರ ಮೊದಲ ಸಂಘ ಸ್ಥಾಪನೆಯಾದದ್ದು ೧೯೧೭ರಲ್ಲಿ. ಭಾರತದಲ್ಲಿ ೧೯೫೦ರಲ್ಲಿ, ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಕಮಲಾ ನಿಂಬಕರ್ ಅವರು ಇದರ ಮೊದಲ ತರಬೇತಿ ಶಾಲೆಯನ್ನು ಆರಂಭಿಸಿದರು. ನಮ್ಮ ರಾಜ್ಯದಲ್ಲಿ ಮಣಿಪಾಲದಲ್ಲಿ ಇದನ್ನು ಕಲಿಸುತ್ತಾರೆ. ಬೆಂಗಳೂರಿನಲ್ಲಿ ೧೯೫೯ರಿಂದ ಅಂಗವಿಕಲರ ಸಂಸ್ಥೆ ಎ.ಪಿ.ಡಿ., ೧೯೮೦ರಿಂದ ಸ್ಪಾಸ್ಟಿಕ್ಸ್ ಸೊಸೈಟಿ ಕೆಲಸ ಮಾಡುತ್ತಿವೆ. ಅಂದರೆ ನಾನು ಆ ಹುಡುಗನ ಗೆಣ್ಣಿಗೆ ಹೊಡೆಯುತ್ತಿದ್ದ ದಿನಗಳಲ್ಲಿಯೇ, ಇದೇ ರಾಜ್ಯದಲ್ಲಿ, ಅವನಿಗೆ ಏನು ಮಾಡಬೇಕೆಂದು ಬಲ್ಲವರಿದ್ದರು. ಆ ತಿಳಿವಳಿಕೆ ಬೆಂಗಳೂರಿನಿಂದ ಉಳವಿಗೆ ಬರಲಿಲ್ಲ. ಇಂದಿಗೂ ಪೂರ್ತಿಯಾಗಿ ಬಂದಿಲ್ಲ. ನನ್ನ ಸಿಟ್ಟಿನ ಮೂಲ ಇದು.

ಈ ವಿದ್ಯೆಗೆ ಭಾರೀ ಯಂತ್ರಗಳು ಬೇಕೆಂದು ಭಾವಿಸಬೇಡಿ. ನಾನು ಕಣ್ಣಾರೆ ಕಂಡು ಕಲಿತ ಕೆಲವನ್ನು ಹೇಳುತ್ತೇನೆ. ಬೆಂಚಿನಲ್ಲಿ ಕುಳಿತ ಮಗುವಿನ ಪಾದ ನೆಲಕ್ಕೆ ಮುಟ್ಟದೆ ತೂಗಾಡುತ್ತಿದ್ದರೆ ಅದರ ಸೊಂಟ ಅಲುಗುತ್ತದೆ. ಸೊಂಟ ಅಲುಗಿದರೆ ಬೆರಳು ನಿಲ್ಲದು. ಪಾದದಡಿ ಒಂದು ಹಲಗೆಯನ್ನೋ ಎರಡು ಇಟ್ಟಿಗೆಯನ್ನೋ ಇಟ್ಟರೆ ಅಕ್ಷರ ನೆಟ್ಟಗಾಗುತ್ತದೆ. ಪೆನ್ಸಿಲು ಹಿಡಿಯಲಾಗದ ಮಗುವಿಗೆ ಅದರ ಸುತ್ತ ಸೈಕಲ್ ಟ್ಯೂಬಿನ ತುಂಡನ್ನೋ ಬಟ್ಟೆಯನ್ನೋ ಸುತ್ತಿ ದಪ್ಪ ಮಾಡಬೇಕು. ಗುಂಡಿ ಹಾಕಲು ಕಲಿಸುವಾಗ ಕೊನೆಯ ಹಂತದಿಂದ ತೊಡಗಬೇಕು: ಗುಂಡಿಯನ್ನು ಮುಕ್ಕಾಲು ಪಾಲು ತೂರಿಸಿ, ಕಡೆಯ ಎಳೆತವನ್ನು ಮಗುವಿಗೆ ಬಿಡಬೇಕು. ಆಗ ಮಗುವಿಗೆ ದೊರೆಯುವುದು 'ನಾನೇ ಮುಗಿಸಿದೆ' ಎಂಬ ಅನುಭವ. ಮರುವಾರ ಅದರ ಹಿಂದಿನ ಹಂತ.

ನಮ್ಮ ಕಡೆ ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಹೇಗೆ ಬೀಳುತ್ತದೆಂದು ನಿಮಗೆ ಗೊತ್ತು. ನಮಗೆ ಅದು ಬರಿಯ ಸದ್ದು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ತಲೆಯೊಳಗೆ ಡೋಲು ಬಾರಿಸಿದಂತೆ. ಕಿವಿ ಮುಚ್ಚಿಕೊಂಡು ಹೊರಗೋಡುವ ಮಗುವನ್ನು ನಾವು ತುಂಟನೆನ್ನುತ್ತೇವೆ. ಸದ್ದು ಕಡಿಮೆಯಿರುವ ಒಂದು ಜಾಗ, ಮುಂದೆ ಏನು ನಡೆಯುವುದೆಂದು ತೋರಿಸುವ ಚಿತ್ರಗಳ ಸಾಲು (ಪ್ರಾರ್ಥನೆ, ಪಾಠ, ಊಟ, ಆಟ, ಮನೆ), ನಡುನಡುವೆ ನೀರಿನ ಕೊಡ ಎತ್ತುವಂಥ ಮೈಗೆ ಭಾರದ ಕೆಲಸ. ಇಷ್ಟರಿಂದಲೇ ಅಂಥ ಹಲವು ಮಕ್ಕಳು ತರಗತಿಯಲ್ಲಿ ನೆಲೆನಿಲ್ಲುತ್ತಾರೆ. ಇನ್ನು ಊಟ. ಸೆರೆಬ್ರಲ್ ಪಾಲ್ಸಿಯ ಮಗುವನ್ನು ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ನೆಟ್ಟಗೆ ಕೂರಿಸಿ, ಗದ್ದವನ್ನು ತುಸು ಮುಂದಕ್ಕೆ ಬಾಗಿಸಿ, ಸಣ್ಣ ಸಣ್ಣ ತುತ್ತು ಕೊಡಬೇಕು. ಇದನ್ನು ಬಿಸಿಯೂಟದ ಅಡುಗೆಯವರಿಗೆ ಯಾರಾದರೂ ಹೇಳಿದ್ದಾರೆಯೆ?

ಇನ್ನೊಂದು ಮಾತನ್ನು ನಮ್ಮ ಕಡೆಯವರೇ ಹೇಳಬೇಕು. ಜೋಯಿಡಾದ ಕುಣಬಿ ಮಗುವಿನ ಮನೆಮಾತು ಕೊಂಕಣಿಯ ಬಗೆಯದು; ಗೌಳಿ ಮಗುವಿನದು ಮರಾಠಿಯ ಬಗೆಯದು. ಕನ್ನಡವನ್ನು ಶಾಲೆಯಲ್ಲೇ ಮೊದಲ ಬಾರಿ ಕೇಳುವ ಮಗು ಮೂಕವಾಗಿ ಕುಳಿತರೆ, ಅದು ಭಾಷೆಯ ಅಡ್ಡಿಯೋ ಬುದ್ಧಿಯ ಅಡ್ಡಿಯೋ ಎಂದು ಕನ್ನಡದಲ್ಲಿ ಮಾತ್ರ ಪ್ರಶ್ನೆ ಕೇಳುವವರು ಹೇಗೆ ನಿರ್ಧರಿಸುತ್ತಾರೆ? ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಮಾತಿನಲ್ಲಿ, ಅವಳ ಮನೆಯ ಪಾತ್ರೆ ಪಡಗದೊಡನೆ ಮಗುವನ್ನು ನೋಡದೆ ಬರೆದ ಶೇಕಡಾವಾರಿಗೆ ನಾನು ಬೆಲೆ ಕೊಡಲಾರೆ. ನಾನೂ ಹಾಗೆ ಬರೆದವನೇ.

ನನ್ನ ಮಾತಿಗೆ ಎದುರಾಗಿ ಬರುವ ಆಕ್ಷೇಪಗಳನ್ನು ಬಲ್ಲೆ; ಮೂವತ್ತು ವರ್ಷ ಅವುಗಳನ್ನು ನಾನೇ ಆಡಿದ್ದೇನೆ.

"ಇಂಥ ಒಂದು ಮಗುವಿನಿಂದ ಉಳಿದ ಮಕ್ಕಳ ಪಾಠ ಕೆಡುತ್ತದೆ" ಎಂಬುದು ಮೊದಲನೆಯದು. ನಾಲ್ಕು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕಲಿಸಿದ ನಾವು ಈ ಮಾತನ್ನು ಹೇಳಬಾರದು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯ ತಿರುಳೇ, ಪ್ರತಿ ಮಗುವೂ ತನ್ನ ವೇಗದಲ್ಲಿ ತನ್ನ ಮೆಟ್ಟಿಲು ಏರಲಿ ಎಂಬುದು. ಆ ಏಣಿಯಲ್ಲಿ ಈ ಮಗುವಿಗೂ ಒಂದು ಮೆಟ್ಟಿಲು ಸಿಗದೆ? ಅಲ್ಲದೆ ದಪ್ಪ ಪೆನ್ಸಿಲು, ಪಾದದಡಿಯ ಹಲಗೆ, ಚಿತ್ರದ ವೇಳಾಪಟ್ಟಿ ಇವುಗಳಿಂದ ಯಾವ ಮಗುವಿನ ಪಾಠವೂ ಕೆಡುವುದಿಲ್ಲ.

"ವಿಶೇಷ ಶಾಲೆಗೆ ಕಳಿಸಿ" ಎಂಬುದು ಎರಡನೆಯದು. ವಿಶೇಷ ಶಾಲೆಗಳ ಬಗ್ಗೆ ನನಗೆ ಗೌರವವಿದೆ. ಕೆಲವು ಮಕ್ಕಳಿಗೆ ಅವೇ ಸರಿ. ಆದರೆ ಉಳವಿಯ ಆರು ವರ್ಷದ ಮಗು ತಾಯಿಯನ್ನು ಬಿಟ್ಟು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ವಸತಿಯಿರಬೇಕು ಎಂಬುದು ಸಲಹೆಯಾದೀತು, ಹಕ್ಕಾಗದು. ಕಾಯಿದೆ ನೆರೆಯ ಶಾಲೆಯ ಹೆಸರನ್ನು ಮೊದಲು ಹೇಳುತ್ತದೆ. ನಾಳೆ ಆ ಮಗು ಬದುಕಬೇಕಾದದ್ದು ನಮ್ಮ ಊರಿನಲ್ಲಿ, ನಮ್ಮ ಮಕ್ಕಳ ನಡುವೆ.

"ಮಾಸ್ತರು ಥೆರಪಿಸ್ಟರಲ್ಲ" ಎಂಬುದು ಮೂರನೆಯದು. ಇದನ್ನು ಪೂರ್ತಿ ಒಪ್ಪುತ್ತೇನೆ. ಬಿಗಿದ ಕೈಕಾಲನ್ನು ತಿಳಿಯದವರು ಎಳೆದರೆ ಅಪಾಯ. ಒಂದು ಮಗುವಿಗೆ ಹಿತವಾದದ್ದು ಇನ್ನೊಂದಕ್ಕೆ ಹಿತವಲ್ಲ. ಆದ್ದರಿಂದಲೇ ಥೆರಪಿಸ್ಟ್ ಬೇಕು ಎನ್ನುತ್ತಿದ್ದೇನೆ. ಅವರು ಶಾಲೆಗೇ ಬರಬೇಕು. ಮಗು ಕೂರುವ ಬೆಂಚು, ಉಣ್ಣುವ ತಟ್ಟೆ, ಹೋಗುವ ಶೌಚಾಲಯ ನೋಡಿ, ಅಕ್ಕೋರಿಗೂ ತಾಯಿಗೂ ಕೈಹಿಡಿದು ತೋರಿಸಿ, ಮುಂದಿನ ತಿಂಗಳು ಮತ್ತೆ ಬಂದು ತಿದ್ದಬೇಕು. ನಿತ್ಯದ ಅಭ್ಯಾಸ ನಮ್ಮದು. ದಾರಿ ತೋರುವ ವಿದ್ಯೆ ಅವರದು. ಆಸ್ಪತ್ರೆಯ ಕೋಣೆಯಲ್ಲಿ ಮುಕ್ಕಾಲು ಗಂಟೆ ಕಲಿತದ್ದು ಮನೆಯ ನೆಲದ ಮೇಲೆ, ಶಾಲೆಯ ಬೆಂಚಿನ ಮೇಲೆ ಬಳಕೆಗೆ ಬರದಿದ್ದರೆ ಉಳಿಯುವುದಿಲ್ಲ.

"ದುಡ್ಡೆಲ್ಲಿದೆ?" ಎಂಬುದು ಕೊನೆಯದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಒಂದು ಮಗುವಿನ ನೆರವಿಗೆ ವರ್ಷಕ್ಕೆ ೩,೫೦೦ ರೂಪಾಯಿಯವರೆಗೆ ಅವಕಾಶವಿದೆ. ವಿಶೇಷ ಶಿಕ್ಷಕರ ಸಂಬಳ ಬೇರೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ ೨೦೦ ರೂಪಾಯಿಯಂತೆ ಹತ್ತು ತಿಂಗಳ ಭತ್ಯೆಯೂ ಇದೆ. ೩,೫೦೦ ಎಂದರೆ ದಿನಕ್ಕೆ ಹತ್ತು ರೂಪಾಯಿಗೂ ಕಡಿಮೆ. ಇದು ಸಾಲದೆಂಬುದು ನಿಜ. ಆದರೆ ನಮ್ಮ ತಾಲ್ಲೂಕಿನ ಮಕ್ಕಳ ಈ ಹಣವನ್ನೆಲ್ಲ ಒಟ್ಟುಗೂಡಿಸಿ ಯಾವ ಸಾಮಾನು, ಯಾವ ಪ್ರಯಾಣ, ಯಾರ ಭೇಟಿಗೆ ಖರ್ಚಾಯಿತೆಂದು ಯಾರಾದರೂ ಕೇಳಿದ್ದೀರಾ?

ಹುದ್ದೆಗಳ ಸಂಗತಿಯೂ ಇದೆ. ೨೦೨೧ರ ಅಕ್ಟೋಬರ್ ೨೮ರಂದು ಸುಪ್ರೀಂ ಕೋರ್ಟ್, ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೊಬ್ಬ, ಅದರ ಮೇಲೆ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ೨೦೨೫ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಹುದ್ದೆಗಳನ್ನು ಮಂಜೂರು ಮಾಡಲು ರಾಜ್ಯಗಳಿಗೆ ಗಡುವು ವಿಧಿಸಬೇಕಾಯಿತು. ಆದರೆ ಈ ಅನುಪಾತ ನಮ್ಮ ಕಾಡಿಗೆ ಒಗ್ಗುವುದಿಲ್ಲವೆಂಬುದನ್ನು ನಾವೇ ಹೇಳಬೇಕು. ಬೆಂಗಳೂರಿನಲ್ಲಿ ಹತ್ತು ಮಕ್ಕಳು ಒಂದೇ ಶಾಲೆಯಲ್ಲಿ ಸಿಕ್ಕಾರು. ಜೋಯಿಡಾ ವಿಸ್ತಾರದಲ್ಲಿ ರಾಜ್ಯದ ದೊಡ್ಡ ತಾಲ್ಲೂಕುಗಳಲ್ಲೊಂದು. ಜನಸಂಖ್ಯೆ ೨೦೧೧ರ ಗಣತಿಯಲ್ಲಿ ಅರ್ಧ ಲಕ್ಷದ ಆಸುಪಾಸು. ಇಲ್ಲಿ ಆ ಹತ್ತು ಮಕ್ಕಳು ಗುಂದ, ಅಣಶಿ, ಕುಂಬಾರವಾಡ, ಉಳವಿ ಎಂದು ಎಂಟು ಶಾಲೆಗಳಲ್ಲಿ ಹಂಚಿಹೋಗಿರುತ್ತಾರೆ, ನಡುವೆ ಹುಲಿ ಸಂರಕ್ಷಿತ ಪ್ರದೇಶ, ದಿನಕ್ಕೆರಡು ಬಸ್ಸು. ತಲೆಯೆಣಿಕೆಯ ಲೆಕ್ಕ ಬಯಲುಸೀಮೆಗೆ ಸರಿ, ಕಾಡಿಗೆ ದಾರಿಯ ಲೆಕ್ಕ ಬೇಕು. ಇರುವ ಕೆಲವೇ ವಿಶೇಷ ಶಿಕ್ಷಕರು ಮೋಟಾರ್‌ಸೈಕಲ್ಲಿನಲ್ಲಿ ಮಳೆ ನೆನೆದು ಅಲೆಯುತ್ತಿರುವುದನ್ನು ಕಂಡಿದ್ದೇನೆ. ನನ್ನ ಸಿಟ್ಟು ಅವರ ಮೇಲಲ್ಲ. ಅವರೊಬ್ಬರ ಹೆಗಲಿಗೆ ತಾಲ್ಲೂಕನ್ನೇ ಹೊರಿಸಿ, ಹೊರಿಸಿದ್ದೇವೆಂಬ ಕಾಗದವನ್ನು ಸಾಧನೆಯೆಂದು ಮೇಲಕ್ಕೆ ಕಳಿಸುವವರ ಮೇಲೆ.

ಕೊನೆಯ ಮಾತು ನಮ್ಮ ಬಂಧುಗಳಿಗೆ. ಇಂಥ ಮಗುವನ್ನು 'ದೇವರ ಮಗು' ಎನ್ನುವುದನ್ನು ನಿಲ್ಲಿಸಿ. ಈ ಮಾತು ಕೇಳಲು ಮಧುರ, ಪರಿಣಾಮದಲ್ಲಿ ಕ್ರೂರ. ದೇವರ ಮಗುವೆಂದು ಕೈಮುಗಿದು, ಶಾಲೆಯ ಮಗುವಾಗುವ ಹೊಣೆಯಿಂದ ಪಾರಾಗುತ್ತೇವೆ. ಉಳವಿಗೆ ಹರಕೆ ಹೊರಬೇಡಿ ಎನ್ನುವುದಿಲ್ಲ, ನಾನೂ ಹೊತ್ತವನೇ. ಜಾತ್ರೆಗೆ ಬರುವ ರೈತನನ್ನು ನೋಡಿ. ಎತ್ತಿನ ಹೆಗಲು ಉಜ್ಜಿದರೆ ಅವನು ಎತ್ತನ್ನು ಬೈಯುವುದಿಲ್ಲ, ನೊಗವನ್ನು ಕೆತ್ತಿ, ಬಟ್ಟೆ ಸುತ್ತಿ ಸರಿಮಾಡುತ್ತಾನೆ. ದನಕ್ಕೆ ತೋರುವ ಈ ವಿವೇಕವನ್ನು ಮಗುವಿನ ಬೆಂಚಿಗೆ ತೋರಬಾರದೆ?

ನಾನು ಕೇಳುವುದು ಇಷ್ಟು. ತಾಲ್ಲೂಕಿಗೊಬ್ಬ ಆಕ್ಯುಪೇಶನಲ್ ಥೆರಪಿಸ್ಟ್, ವಾಹನ ಸಮೇತ; ಅವರ ಕೆಲಸದ ಸ್ಥಳ ಶಾಲೆ ಮತ್ತು ಅಂಗನವಾಡಿ. ಗೃಹಾಧಾರಿತ ಎಂದು ಬರೆಯುವ ಮುನ್ನ, ಮಗುವನ್ನು ಶಾಲೆಗೆ ತರಲು ಏನೇನು ಪ್ರಯತ್ನ ಮಾಡಿದೆವೆಂದು ಲಿಖಿತವಾಗಿ ತೋರಿಸುವ ನಿಯಮ. ಇವು ಸರಕಾರದಿಂದ ಬರಬೇಕಾದವು, ಬರುವವರೆಗೆ ಕಾಯುವಂಥವಲ್ಲದ ಕೆಲಸಗಳು ನಿಮ್ಮ ಕೈಯಲ್ಲಿವೆ. ನಿಮ್ಮ ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿನ ಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಹಾಜರಿ ಪುಸ್ತಕದಲ್ಲಿದ್ದೂ ಶಾಲೆಗೆ ಬಾರದ ವಿಶೇಷ ಅಗತ್ಯದ ಮಕ್ಕಳು ಯಾರು? ಈ ತಿಂಗಳು ಅವರ ಮನೆಗೆ ಯಾರು, ಯಾವ ದಿನ ಹೋಗಿದ್ದರು? ಅವರು ಶಾಲೆಗೆ ಬರಬೇಕಾದರೆ ನಮ್ಮ ಕಟ್ಟಡದಲ್ಲಿ ಏನು ಬದಲಾಗಬೇಕು? ಮೂರನೆಯ ಪ್ರಶ್ನೆಯ ಉತ್ತರ ಹಲವು ಸಲ ಒಂದು ಬಿದಿರಿನ ಹಿಡಿಕೆ, ಒಂದು ಇಳಿಜಾರು, ಒಂದು ಹಲಗೆಯಷ್ಟೇ ಆಗಿರುತ್ತದೆ. ಊರ ಬಡಗಿ ಅರ್ಧ ದಿನದಲ್ಲಿ ಮಾಡಿಕೊಟ್ಟಾನು.

ಆ ಅಕ್ಕೋರು ಹೇಳಿದ ಹುಡುಗಿಯ ಶಾಲೆಗೆ ಬರುವ ಸೋಮವಾರ ನಾನು ಹೋಗುವವನಿದ್ದೇನೆ. ಬಡಗಿಗೆ ಹೇಳಿ ಒಂದು ಮೂಲೆಯಾಸನ ಮಾಡಿಸಿಟ್ಟಿದ್ದೇನೆ. ಅದು ಅವಳ ಮೈಗೆ ಸರಿಹೋಗುವುದೋ ಇಲ್ಲವೋ ಎಂದು ತಿಳಿದವರು ನೋಡಿ ಹೇಳಬೇಕು. ಅದಕ್ಕಾಗಿ, ಮಣಿಪಾಲದಲ್ಲಿ ಈ ವಿದ್ಯೆ ಕಲಿತ ಸಂಬಂಧಿಕರ ಮಗಳೊಬ್ಬಳನ್ನು ಒಂದು ದಿನದ ಮಟ್ಟಿಗೆ ಬಾ ಎಂದು ಕೇಳಿಕೊಂಡೆ, ಒಪ್ಪಿದ್ದಾಳೆ. ಒಂದು ದಿನದಿಂದ ಏನೂ ಆಗದೆಂದು ಇಷ್ಟು ಹೊತ್ತು ನಾನೇ ವಾದಿಸಿದ್ದೇನೆ. ಆದ್ದರಿಂದ ಮುಂದಿನ ತಿಂಗಳು ಬರಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ ತಿಳಿಸಿ. ಕುಂಬಾರವಾಡದವರೆಗೆ ಬನ್ನಿ, ಅಲ್ಲಿಂದ ಮುಂದೆ ಕರೆದೊಯ್ಯುವ ಏರ್ಪಾಡು ನನ್ನದು.